ಮನೆ ಸುತ್ತಲಿನ ಗೂಬೆಗಳ ಫೋಟೋ: ಯಾವ ತಿಂಗಳು, ಎಷ್ಟು ದೂರ, ಎಂಥ ಸೆಟ್ಟಿಂಗ್?

ಕಣದಂಚು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ರೊಬಸ್ಟಾ ಕಾಫಿ ತೋಟ, ತೋಟದ ನಡುವೆ ಮನೆ, ಮುಂದೆ ಕಣ. ಸುತ್ತಮುತ್ತ ಮೂರು ಬಗೆಯ ಗೂಬೆಗಳಿವೆ. ಕಣದ ಅಂಚಿನ ಹಳೇ ಹಲಸಿನ ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿ. ಗೋದಾಮಿನ ಅಟ್ಟದಲ್ಲಿ ಕಣಜ ಗೂಬೆ (ಬಾರ್ನ್ ಔಲ್). ಮೂರನೆಯದು ಕಣ್ಣಿಗೆ ಬೀಳಲ್ಲ, ಕಿವಿಗೆ ಮಾತ್ರ. ಕತ್ತಲಾದ ಮೇಲೆ ಮಾವಿನ ಮರದ ಕಡೆಯಿಂದ ಕಪ್ಪೆ ದನಿಯಲ್ಲಿ ‘ವಾಟ್… ವಾಟ್…’ ಅಂತ ಒಂದೇ ಸ್ವರ, ಬಿಟ್ಟು ಬಿಟ್ಟು ಬರುತ್ತೆ.

ಕೈಯಲ್ಲಿರೋದು 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್ ಮಿರರ್‌ಲೆಸ್, 70–300 ಲೆನ್ಸ್ (300ರಲ್ಲಿ ಎಫ್ 5.6), ಹಗುರದ ಟ್ರೈಪಾಡ್. ಬಿಸಿಲಲ್ಲಿ ತೆಗೆದರೆ ಎಲೆಯ ನೆರಳು ಹಕ್ಕಿ ಮುಖದ ಮೇಲೆ ಚುಕ್ಕಿಚುಕ್ಕಿಯಾಗಿ ಬೀಳುತ್ತೆ. ಸಂಜೆ ತೆಗೆದರೆ ಅಲುಗಾಡಿರುತ್ತೆ, ಇಲ್ಲಾಂದ್ರೆ ಚಿತ್ರವೆಲ್ಲ ಕಾಳುಕಾಳು. ಫ್ಲಾಶ್ ಹಾಕಿ ಅಂತ ಕೆಲವರು, ಬೇಡವೇ ಬೇಡ ಅಂತ ಕೆಲವರು. ಮೊಬೈಲಲ್ಲಿ ಕೂಗು ಹಾಕಿ ಕರೆಸಿ ಅಂತಲೂ ಸಲಹೆ ಬಂದಿದೆ.

ವರ್ಷದ ಯಾವ ತಿಂಗಳು ಯಾವ ಗೂಬೆಗೆ ಕೂರಬೇಕು? ಎಷ್ಟು ದೂರದಲ್ಲಿ? ಸಂಜೆ ಬೆಳಕಿಗೆ ಸೆಟ್ಟಿಂಗ್ ಏನು? ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳೋದು ಹೇಗೆ? ದಯವಿಟ್ಟು ಅಂಕಿ ಸಮೇತ ಹೇಳಿ.

ಹಾಲುವಾಣ ಉತ್ತರ:

ಮೊದಲು ಆ ಕಾಣದ ಗೂಬೆ. ಒಂದೇ ಸ್ವರ, ಕೊನೆಯಲ್ಲಿ ಪ್ರಶ್ನೆ ಕೇಳಿದ ಹಾಗೆ ತುಸು ಏರಿದರೆ ಅದು ಇಂಡಿಯನ್ ಸ್ಕಾಪ್ಸ್ ಗೂಬೆ. ಮೂರು ಸ್ವರ ಇದ್ದು ಮೊದಲನೆಯದು ಬಿಡಿಯಾಗಿ, ಉಳಿದೆರಡು ಜೋಡಿಯಾಗಿ ಬಂದರೆ ಓರಿಯೆಂಟಲ್ ಸ್ಕಾಪ್ಸ್. ‘ಊ-ವುಕ್, ಊ-ವುಕ್’ ಅಂತ ಒಂದೇ ಸಮನೆ ಹತ್ತಾರು ಸಲ ಬಂದರೆ ಬ್ರೌನ್ ಹಾಕ್ ಔಲ್. ಹೊಳೆ ಕಡೆಯಿಂದ ಬರುವ ‘ಬೂಂ… ಬೂಂ’ ಅನ್ನೋ ಆಳದ ದನಿ ಮೀನುಗೂಬೆಯದು. ನಡುಗುವ ದನಿಯಲ್ಲಿ ‘ಚುಹುವಾಆ’ ಎಂದು ಎಳೆದು ಕೂಗಿ ಊರವರನ್ನು ಬೆಚ್ಚಿಬೀಳಿಸೋದು ಮಾಟಲ್ಡ್ ವುಡ್ ಔಲ್. ಮೋಡ ಕವಿದ ನಡುಹಗಲಲ್ಲೂ ಕೂಗೋದು, ನಿಧಾನಕ್ಕೆ ಶುರುಮಾಡಿ ವೇಗ ಹಿಡಿಯೋದು ಕಾಡು ಹಾಲಕ್ಕಿ. ಇದನ್ನು ಹಾಲಕ್ಕಿ ಜೊತೆ ಬೆರೆಸಬೇಡಿ: ಹಾಲಕ್ಕಿಯ ಮೈಮೇಲೆ ಬಿಳಿ ಚುಕ್ಕಿ, ಕಾಡು ಹಾಲಕ್ಕಿಯ ಮೈತುಂಬ ಒತ್ತೊತ್ತಾದ ಅಡ್ಡಪಟ್ಟೆ. ಪಶ್ಚಿಮ ಘಟ್ಟದ್ದಕ್ಕೆ ತಲೆಯೂ ಕೆಂಚು.

ಸ್ಕಾಪ್ಸ್ ಗೂಬೆಯನ್ನು ರಾತ್ರಿ ಟಾರ್ಚ್ ಹಿಡಿದು ಹುಡುಕಬೇಡಿ. ಹಗಲಲ್ಲಿ ಮರದ ಬುಡ ನೋಡಿ. ಒಂದೇ ಕೊಂಬೆಯ ಕೆಳಗಿನ ಕಾಫಿ ಎಲೆಗಳ ಮೇಲೆ ಸುಣ್ಣ ಚಿಮುಕಿಸಿದಂತೆ ಬಿಳಿ ಹಿಕ್ಕೆ, ಪಕ್ಕದಲ್ಲಿ ಕಕ್ಕಿದ ಉಂಡೆ (ಜೀರ್ಣವಾಗದ ಮೂಳೆ-ಚಿಪ್ಪಿನ ಮುದ್ದೆ) ಇದ್ದರೆ ಮೇಲೆ ಕೂರುವ ಜಾಗ ಇದೆ ಎಂದರ್ಥ. ಉಂಡೆಯಿಂದಲೇ ಜಾತಿಯೂ ಅಂದಾಜಾಗುತ್ತೆ. ಕಣಜ ಗೂಬೆಯದು ಹೆಬ್ಬೆರಳ ಗಾತ್ರ, ಹಸಿಯಿದ್ದಾಗ ಕಪ್ಪಗೆ ಮೆರುಗೆಣ್ಣೆ ಹಚ್ಚಿದ ಹಾಗಿರುತ್ತೆ. ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದರೆ ಇಲಿಯ ತಲೆಬುರುಡೆ ಹಳದಿ ಬಾಚಿಹಲ್ಲು ಸಮೇತ ಇಡಿಯಾಗಿ ಸಿಗುತ್ತೆ. ಹಾಲಕ್ಕಿಯದು ಕಿರುಬೆರಳ ತುದಿಯಷ್ಟು, ಬೇಗ ಉದುರುತ್ತೆ, ಒಳಗೆ ಜೀರುಂಡೆಯ ಗಟ್ಟಿ ರೆಕ್ಕೆಚಿಪ್ಪು ಹೊಳೆಯುತ್ತಿರುತ್ತೆ. ಇನ್ನೊಂದು ಸುಳಿವು ಬೆಳಗಿನ ಗಲಾಟೆ. ಪಿಕಳಾರ, ಕಾಜಾಣ, ಸೂರಕ್ಕಿ ಎಲ್ಲ ಒಂದೇ ಕೊಂಬೆ ಸುತ್ತ ಸೇರಿ ಕಿರುಚುತ್ತಿದ್ದರೆ ಅಲ್ಲಿ ಹಾವಿರಬೇಕು, ಇಲ್ಲ ಗೂಬೆ.

ಇನ್ನು ತಿಂಗಳ ಲೆಕ್ಕ. ನಿಮ್ಮ ಹಾಲಕ್ಕಿಗೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಹಾಲುವಾಣದಂಥ ಎಲೆ ಉದುರಿಸೋ ಮರಗಳು ಬೋಳಾಗಿರುತ್ತವೆ, ಆಕಾಶ ತಿಳಿ, ಜೋಡಿ ಜೋರಾಗಿ ಕೂಗಾಡುತ್ತವೆ, ಪೊಟರೆ ಬಾಯಲ್ಲಿ ಒಟ್ಟಿಗೆ ಕೂತು ಒಂದರ ತಲೆ ಇನ್ನೊಂದು ಕೆರೆಯುತ್ತವೆ. ತೊಂದರೆ ಅಂದರೆ ಅದು ಕುಯ್ಲಿನ ಕಾಲವೂ ಹೌದು. ಆಳುಗಳು ಆ ಸಾಲಿನಲ್ಲಿ ಕೊಯ್ಯುವ ದಿನ ಹಕ್ಕಿ ಹೊರಗೆ ಬರೋದು ತಡ, ಅವತ್ತು ಬಿಟ್ಟುಬಿಡಿ. ಹೂವಿಗೆ ಸ್ಪ್ರಿಂಕ್ಲರ್ ಹಾಕುವ ರಾತ್ರಿಗಳಲ್ಲೂ ಅಷ್ಟೇ, ನೀರು ಬೀಳುವ ಕಡೆ ಗೂಬೆ ಬೇಟೆಗೆ ಕೂರಲ್ಲ. ಆದರೆ ಮಾರನೇ ಸಂಜೆ ಒದ್ದೆ ನೆಲದಲ್ಲಿ ಹುಳ ಏಳುವುದರಿಂದ ಅಲ್ಲಿಗೇ ಬರುತ್ತೆ.

ಫೆಬ್ರವರಿಯಿಂದ ಏಪ್ರಿಲ್ ಮೊಟ್ಟೆ-ಮರಿ. ಹಾಲಕ್ಕಿ ಸಾಮಾನ್ಯವಾಗಿ 3–4 ಮೊಟ್ಟೆ ಇಟ್ಟು ಸುಮಾರು ಒಂದು ತಿಂಗಳು ಕಾವು ಕೊಡುತ್ತೆ, ಮರಿ ಹೊರಬರಲು ಮತ್ತೊಂದು ತಿಂಗಳು. ಈ ಎರಡು ತಿಂಗಳು ಪೊಟರೆ ಬುಡಕ್ಕೆ ಹೋಗೋದೇ ಬೇಡ. ಕಾವಿನ ಹೊತ್ತಲ್ಲಿ ತಾಯಿಯನ್ನು ಎಬ್ಬಿಸಿದರೆ ಮೊಟ್ಟೆ ತಣ್ಣಗಾಗುತ್ತೆ, ಕಾಗೆಗೂ ಗುರುತು ಸಿಗುತ್ತೆ.

ಏಪ್ರಿಲ್-ಮೇ ತಿಂಗಳ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಗೆದ್ದಲು ಎದ್ದಾಗ ಬಿಟ್ಟುಕೊಡಬೇಡಿ. ಅಂಗಳದ ದೀಪಕ್ಕೆ ಹುಳ ಮುತ್ತುತ್ತೆ, ಅದನ್ನು ಹಿಡಿಯೋಕೆ ಹಾಲಕ್ಕಿ, ಹಾಕ್ ಔಲ್ ಎರಡೂ ಬರುತ್ತವೆ. ಗೂಬೆ ತಾನಾಗಿಯೇ ಬೆಳಕಿಗೆ ಹತ್ತಿರವಾಗುವ ಒಳ್ಳೆಯ ಹೊತ್ತು ಇದು.

ಕಣಜ ಗೂಬೆ ವರ್ಷದ ಯಾವ ತಿಂಗಳಲ್ಲಾದರೂ ಮರಿ ಮಾಡಬಹುದು. ಅದಕ್ಕೆ ನನ್ನ ಆಯ್ಕೆ ಅಕ್ಟೋಬರ್ ಕೊನೆಯಿಂದ ಜನವರಿ. ಗದ್ದೆಯಲ್ಲಿ ಭತ್ತ ಬಲಿತಾಗ ಇಲಿ ಹೆಚ್ಚು, ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದು ಕುಯ್ಲಾದ ಮೇಲೆ ಇಲಿಗೆ ಮರೆ ಇಲ್ಲ. ಗದ್ದೆ ಬದಿಯ ಬೇಲಿಕಂಬದ ಮೇಲೆ ಮುಸ್ಸಂಜೆಯಲ್ಲೇ ಬಂದು ಕೂರುತ್ತೆ.

ದೂರ ಎಷ್ಟು ಅನ್ನೋದನ್ನು ಹಕ್ಕಿಯೇ ಹೇಳಬೇಕು. ಮನೆ ಬಳಿಯ ಹಾಲಕ್ಕಿಗೆ 15–20 ಮೀಟರ್‌ನಿಂದ ಶುರುಮಾಡಿ. ಅದು ತಲೆ ಮೇಲೆ ಕೆಳಗೆ ಕುಣಿಸಿ ನಿಮ್ಮನ್ನೇ ದಿಟ್ಟಿಸಿದರೆ ಅಲ್ಲೇ ನಿಲ್ಲಿ. ಮೈ ಮುಂದಕ್ಕೆ ಬಾಗಿಸಿ ಹಿಕ್ಕೆ ಹಾಕಿದರೆ ಮುಂದಿನ ಕ್ಷಣ ಹಾರುತ್ತೆ, ಹಿಂದೆ ಸರಿಯಿರಿ. ಸ್ಕಾಪ್ಸ್ ವಿಷಯದಲ್ಲಿ ಜನ ಮೋಸ ಹೋಗ್ತಾರೆ: ಕಿವಿಗರಿ ನೆಟ್ಟಗೆ, ಮೈ ಉದ್ದುದ್ದ ಸಪೂರ, ಕಣ್ಣು ಗೆರೆಯಷ್ಟೇ ತೆರೆದಿದ್ದರೆ ಅದು ನಿದ್ದೆಯಲ್ಲ. ಹೆದರಿ ಕೊಂಬೆಯ ಮುರುಕಿನಂತೆ ಕಾಣಲು ಪ್ರಯತ್ನ ಪಡುತ್ತಿದೆ. ನಿಜವಾಗಿ ಆರಾಮಾಗಿರೋ ಸ್ಕಾಪ್ಸ್ ಗುಂಡಗೆ ಉಬ್ಬಿ ಕೂತಿರುತ್ತೆ.

ಕೂಗು ಹಾಕಿ ಕರೆಸೋದು ಬೇಡ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂದುಕೊಂಡು ಬೇಟೆ ಬಿಟ್ಟು, ಮರಿಗೆ ಉಣಿಸೋದು ಬಿಟ್ಟು ಓಡಿಬರುತ್ತೆ. ಬಯಲಲ್ಲಿ ಕೂತು ಕೂಗೋ ಚಿಕ್ಕ ಗೂಬೆಯನ್ನು ದೊಡ್ಡ ಗೂಬೆ ಎತ್ತಿಕೊಂಡು ಹೋಗೋದೂ ಉಂಟು.

ಮಬ್ಬುಬೆಳಕು ಉತ್ತರ:

ಹಾಲುವಾಣ ಅಣ್ಣ ಹಕ್ಕಿ ಕಡೆಯದನ್ನು ಹೇಳಿಯಾಯ್ತು, ನಾನು ಕ್ಯಾಮೆರಾ ಕಡೆಯದು ಬರೀತೀನಿ.

ನಿಮಗೆ ಬೇಕಾದ ಬೆಳಕು ಸೂರ್ಯ ಮುಳುಗುವ ಕಾಲು ಗಂಟೆ ಮುಂಚಿನಿಂದ ಕಾಲು ಗಂಟೆ ನಂತರದವರೆಗೆ. ಕೊಡಗಿನಲ್ಲಿ ಸೂರ್ಯಾಸ್ತ ನವೆಂಬರ್ ನಡುವಿನಲ್ಲಿ ಸುಮಾರು 5:55ಕ್ಕೆ, ಜನವರಿ ಕೊನೆಗೆ 6:25ರ ಆಸುಪಾಸು, ಜೂನ್ ಕೊನೆಗೆ 6:55. ಸೂರ್ಯ ಮುಳುಗಿದ ಮೇಲೆ ಪ್ರತಿ ಮೂರು-ನಾಲ್ಕು ನಿಮಿಷಕ್ಕೆ ಬೆಳಕು ಅರ್ಧಕ್ಕೆ ಇಳಿಯುತ್ತೆ. ನಮ್ಮ ಕಣ್ಣು ಹೊಂದಿಕೊಳ್ಳೋದರಿಂದ ಅದು ಗೊತ್ತಾಗಲ್ಲ, ಸಂಜೆಯ ಫೋಟೋ ಕೆಡೋದು ಇಲ್ಲೇ. ಐದು ನಿಮಿಷದ ಹಿಂದಿನ ಸೆಟ್ಟಿಂಗ್ ಈಗ ಕೆಲಸಕ್ಕೆ ಬಾರದು.

ಎಫ್ 5.6ಕ್ಕೆ ಒಂದು ಅಂದಾಜು, ಆಕಾಶ ಕಾಣುವ ಬಯಲು ಕೊಂಬೆಗೆ: ಮುಳುಗುವ ಹೊತ್ತಿಗೆ ಐಎಸ್‌ಒ 1600, ಶಟರ್ 1/60. ಹತ್ತು ನಿಮಿಷ ಕಳೆದು ಐಎಸ್‌ಒ 6400, 1/30. ಹದಿನೈದು ನಿಮಿಷಕ್ಕೆ 6400ರಲ್ಲೇ 1/10. ನೆರಳು ಮರದ ಅಡಿಯ ಕೊಂಬೆಯಾದರೆ ಇದಕ್ಕಿಂತ ಎರಡು ಸ್ಟಾಪ್ ಕಡಿಮೆ ಬೆಳಕು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ) ಅಂದುಕೊಳ್ಳಿ, ಅಂದರೆ ಆರರಿಂದ ಎಂಟು ನಿಮಿಷ ಬೇಗ ಅಂಗಡಿ ಮುಚ್ಚಬೇಕು. ಅದಕ್ಕೇ ಹಕ್ಕಿ ಪಡುವಣ ಆಕಾಶಕ್ಕೆ ಮುಖ ಮಾಡಿ ಕೂರುವ ಕೊಂಬೆ ಯಾವುದು ಅಂತ ಕ್ಯಾಮೆರಾ ಇಲ್ಲದೆ ಮೊದಲು ನೋಡಿಟ್ಟುಕೊಳ್ಳಿ. ಹಾಲಕ್ಕಿ ಪೊಟರೆಯಿಂದ ಹೊರಬಂದು ಬೇಟೆಗೆ ಹೋಗುವ ಮುಂಚೆ ಬಹುಪಾಲು ಅದೇ ಒಂದೆರಡು ಕೊಂಬೆಗಳಲ್ಲೇ ಕೂರುತ್ತೆ. ಲೆನ್ಸ್ ಅಲ್ಲಿಗೆ ನೆಟ್ಟು ಕಾಯೋದು ಸರಿ. ಹಕ್ಕಿ ಹಿಂದೆ ಓಡಾಡಿದರೆ ಆ ಅರ್ಧ ಗಂಟೆ ನಿಮ್ಮ ಕೈತಪ್ಪುತ್ತೆ.

1/30ರಲ್ಲಿ ಗೂಬೆ ಸ್ಪಷ್ಟವಾಗಿ ಬರುತ್ತಾ ಅಂದರೆ, ಬರುತ್ತೆ. ಗೂಬೆಯ ಕಣ್ಣುಗುಡ್ಡೆ ತಿರುಗಲ್ಲ, ನೋಡಬೇಕಾದರೆ ತಲೆಯನ್ನೇ ತಿರುಗಿಸಬೇಕು. ತಿರುಗಿಸಿದ ಕೂಡಲೇ ಒಂದೆರಡು ಸೆಕೆಂಡ್ ಕಲ್ಲಿನ ಹಾಗೆ ನಿಲ್ಲುತ್ತೆ. ಒತ್ತಬೇಕಾದ್ದು ಆಗ, ಐದಾರು ಫ್ರೇಮ್ ಒಟ್ಟಿಗೆ. ಮೊದಲನೇ ಫ್ರೇಮ್ ಬೆರಳ ಒತ್ತಡಕ್ಕೆ ಅಲುಗಿರುತ್ತೆ, ಮೂರನೆಯದೋ ನಾಲ್ಕನೆಯದೋ ಸರಿ ಇರುತ್ತೆ. ರಿಮೋಟ್ ಇದ್ದರೆ ಇನ್ನೂ ಒಳ್ಳೇದು.

ಹಗುರ ಟ್ರೈಪಾಡಿನ ನಡುಗಂಬ ಎತ್ತಬೇಡಿ. ಕಾಲುಗಳನ್ನು ಅಗಲಿಸಿ ತಗ್ಗಿಸಿ, ನಡುಗಂಬದ ಕೊಕ್ಕೆಗೆ ಎರಡು ಮೂರು ಕಿಲೋ ತೂಕದ ಚೀಲ ಕಟ್ಟಿ, ಚೀಲ ನೆಲಕ್ಕೆ ತಾಗಿರಲಿ. ಗಾಳಿಗೆ ತೂಗಾಡಿದರೆ ಅದೇ ಅಲುಗಾಟ. ಟ್ರೈಪಾಡ್ ಮೇಲೆ ಲೆನ್ಸಿನ ಸ್ಟೆಬಿಲೈಸೇಶನ್ (ಅಲುಗಾಟ ತಡೆಯುವ ವ್ಯವಸ್ಥೆ) ಆಫ್ ಮಾಡಿ ಅಂತ ಎಲ್ಲರೂ ಹೇಳ್ತಾರೆ. ಗಟ್ಟಿ ಟ್ರೈಪಾಡಿಗೆ ಅದು ಸರಿ. ಹಗುರದ್ದಕ್ಕೆ, ಅದರಲ್ಲೂ ಜಗಲಿಯ ಮರದ ಹಲಗೆ ಮೇಲೆ ಇಟ್ಟರೆ, ಆನ್ ಇದ್ದರೇ ಒಳ್ಳೇದಾಗಬಹುದು. ಹಗಲಲ್ಲಿ 1/30 ಇಟ್ಟು ಪೊಟರೆ ತೊಗಟೆಯನ್ನು ಆನ್‌ನಲ್ಲಿ ಹತ್ತು, ಆಫ್‌ನಲ್ಲಿ ಹತ್ತು ತೆಗೆದು ದೊಡ್ಡದು ಮಾಡಿ ನೋಡಿ, ತೀರ್ಮಾನವಾಗುತ್ತೆ.

ಫೋಕಸ್: ಕತ್ತಲಲ್ಲಿ ಕಣ್ಣು ಗುರುತಿಸುವ ಆಟೋಫೋಕಸ್ ಎದುರಿನ ಕಡ್ಡಿಗೆ ಹೋಗಿ ಕೂರುತ್ತೆ. ಒಂದೇ ಪಾಯಿಂಟ್ ಇಟ್ಟುಕೊಂಡು ಹಕ್ಕಿ ಮುಖದ ಬಿಳಿ-ಕಂದು ಸೇರುವ ಅಂಚಿಗೆ ಹಿಡಿಯಿರಿ. ಇಲ್ಲಾಂದ್ರೆ ಬೆಳಕಿದ್ದಾಗಲೇ ಕೊಂಬೆಗೆ ಫೋಕಸ್ ಮಾಡಿ ಮ್ಯಾನುಯಲ್‌ಗೆ ತಿರುಗಿಸಿಬಿಡಿ. 300 ಎಂಎಂ, ಎಫ್ 5.6, 18 ಮೀಟರ್ ದೂರಕ್ಕೆ ಸ್ಪಷ್ಟವಾಗಿರುವ ಆಳ ಸುಮಾರು 80 ಸೆಂ.ಮೀ. ಹಕ್ಕಿ ಕೊಂಬೆ ಮೇಲೆ ಅತ್ತಿತ್ತ ಸರಿದರೂ ಸಾಕು. 12 ಮೀಟರ್‌ಗೆ ಬಂದರೆ ಅದು 35 ಸೆಂ.ಮೀ. ಅಷ್ಟೇ.

ಇನ್ನೊಂದು ಲೆಕ್ಕ ಹೇಳಿಬಿಡ್ತೀನಿ, ಹತ್ತಿರ ಹೋಗುವ ಆಸೆ ಅದರಿಂದ ಕಡಿಮೆಯಾದೀತು. ಹಾಲಕ್ಕಿ 21 ಸೆಂ.ಮೀ. ಹಕ್ಕಿ. 18 ಮೀಟರ್‌ನಲ್ಲಿ ನಿಮ್ಮ ಲೆನ್ಸಿಗೆ ಅದು ಸುಮಾರು 900 ಪಿಕ್ಸೆಲ್ ಎತ್ತರ ಬರುತ್ತೆ. 12ಕ್ಕೆ ಹೋದರೆ 1350. ಅಷ್ಟಕ್ಕಾಗಿ ಅದನ್ನು ಓಡಿಸೋದು ಯಾಕೆ? ಹಕ್ಕಿಯನ್ನು ಚಿಕ್ಕದಾಗಿಟ್ಟು ಪೊಟರೆ, ಹಲಸಿನ ತೊಗಟೆ, ಹಿಂದಿನ ಸಿಲ್ವರ್ ಓಕ್ ಸಾಲು ಎಲ್ಲ ಸೇರಿಸಿ ಚೌಕಟ್ಟು ಕಟ್ಟಿ. ಕೊಡಗಿನ ಗೂಬೆ ಅಂತ ಗೊತ್ತಾಗೋದೇ ಅದರಿಂದ. ಕಣ್ಣು ತುಂಬಿದ ಕ್ಲೋಸಪ್ ಎಲ್ಲಿ ತೆಗೆದರೂ ಒಂದೇ.

ಕಾಳುಕಾಳಿಗೆ ಹೆದರಿ ಐಎಸ್‌ಒ 1600ರಲ್ಲೇ ಕತ್ತಲು ಫೋಟೋ ತೆಗೆದು ಆಮೇಲೆ ಎತ್ತುತ್ತೀರಲ್ಲ, ಅದಕ್ಕಿಂತ 6400ರಲ್ಲಿ ಸರಿಯಾದ ಬೆಳಕಿನಲ್ಲಿ ತೆಗೆದದ್ದು ಚೆನ್ನಾಗಿರುತ್ತೆ. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ಇಟ್ಟುಕೊಳ್ಳಿ. ಆಕಾಶ ಹಿಂದಿದ್ದರೆ ಎಕ್ಸ್‌ಪೋಷರ್ ಪ್ಲಸ್ 1ರಿಂದ 1.7. ಕಣಜ ಗೂಬೆಗೆ ಉಲ್ಟಾ: ಕತ್ತಲ ಹಿನ್ನೆಲೆಯಲ್ಲಿ ಬಿಳಿ ಮುಖ, ಕ್ಯಾಮೆರಾ ಅದನ್ನು ಸುಟ್ಟುಹಾಕುತ್ತೆ, ಮೈನಸ್ 1 ಇಡಿ.

ಫ್ಲಾಶ್ ಬೇಡ. ಕತ್ತಲಿಗೆ ಪೂರ್ತಿ ತೆರೆದಿರುವ ಪಾಪೆಗೆ ಹತ್ತಿರದಿಂದ ಅಷ್ಟು ಬೆಳಕು ಬಿದ್ದರೆ ಹಕ್ಕಿ ಕಂಗಾಲಾಗುತ್ತೆ, ಹಾರುತ್ತಿದ್ದರೆ ಕೊಂಬೆಗೋ ತಂತಿಗೋ ಬಡಿಯಬಹುದು. ಫೋಟೋನೂ ಹಾಳು: ಲೆನ್ಸಿನ ನೇರಕ್ಕೇ ಬೆಳಕು ಹೋಗೋದರಿಂದ ಕಣ್ಣು ಎರಡು ಕೆಂಪು ಬಿಲ್ಲೆಗಳಾಗಿ ಬರುತ್ತವೆ.

ಕಣದಂಚು:

ತುಂಬಾ ಉಪಕಾರ ಆಯ್ತು. ಗೆದ್ದಲು ಏಳುವ ಸಂಜೆಗೆ ಅಂಗಳದಲ್ಲಿ ಎಲ್‌ಇಡಿ ಬಲ್ಬ್ ಇದೆ. ಅದರಡಿ ಸೈಲೆಂಟ್ ಶಟರಿನಲ್ಲಿ ತೆಗೆದ ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬರ್ತಿವೆ. ಇನ್ನೊಂದು, ಲೈನ್ ಮನೆಯವರಿಗೆ (ತೋಟದ ಆಳುಗಳಿಗೆ) ಗೂಬೆ ಕೂಗಿದರೆ ಸಾವು ಅನ್ನೋ ಭಯ, ಕಲ್ಲು ಎಸೀತಾರೆ. ಇದಕ್ಕೇನು ಮಾಡೋದು?

ಮಬ್ಬುಬೆಳಕು:

ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತೆ. ಸೈಲೆಂಟ್ ಶಟರ್ ಸೆನ್ಸರನ್ನು ಸಾಲುಸಾಲಾಗಿ ಓದೋದರಿಂದ ಮಿಣುಕು ಪಟ್ಟಿಯಾಗಿ ಬೀಳುತ್ತೆ. ಶಟರ್ 1/50 ಅಥವಾ 1/100 ಇಡಿ, ಪಟ್ಟಿ ಹೋಗುತ್ತೆ. 1/80, 1/125 ಇಟ್ಟರೆ ಮತ್ತೆ ಬರುತ್ತೆ. ಬೆಳಕು ಸಾಲದಿದ್ದರೆ ಹಕ್ಕಿ ಕಡೆ ಹೊಸ ದೀಪ ತಿರುಗಿಸಬೇಡಿ. ದಿನಾ ಉರಿಯುವ ದೀಪ ಎಲ್ಲಿದೆಯೋ ಅಲ್ಲೇ ಇರಲಿ, ಅದರ ಅಂಚಿನಲ್ಲಿ ಒಂದು ಒಣಕೊಂಬೆ ನೆಟ್ಟುಕೊಡಿ, ಹಕ್ಕಿ ಅಲ್ಲಿ ಕೂರುತ್ತೆ.

ಕಕ್ಕಡಮಳೆ ಉತ್ತರ:

ಮಳೆಗಾಲದ ಪ್ರಶ್ನೆಗೆ ಯಾರೂ ಕೈಹಾಕಿಲ್ಲ. ಕೊಡಗಿನಲ್ಲಿ ಲೆನ್ಸ್ ಕಳೆದುಕೊಳ್ಳೋದು ಕಾಡಿನಲ್ಲಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗೆ.

ಗಾಳಿಯ ತೇವ ಶೇ. 65 ದಾಟಿ ವಾರಗಟ್ಟಲೆ ನಿಂತರೆ ಗಾಜಿನ ಮೇಲೆ ಬೂಷ್ಟು ಶುರು. ಬೇಕಾದ್ದು ಶೇ. 40ರಿಂದ 50. 20 ಲೀಟರಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ (ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರಲೇಬೇಕು), ಅರ್ಧ ಕಿಲೋ ಸಿಲಿಕಾ ಜೆಲ್ ಎರಡು ಬಟ್ಟೆ ಚೀಲಗಳಲ್ಲಿ, ಒಳಗೆ ಒಂದು ಚಿಕ್ಕ ಡಿಜಿಟಲ್ ತೇವಮಾಪಕ. ಇಷ್ಟು ಸಾಕು. ಬಣ್ಣ ಬದಲಾಗುವ ಜೆಲ್ ಕೊಳ್ಳಿ: ಕಿತ್ತಳೆ ಹಸಿರಾದರೆ, ಇಲ್ಲವೇ ನೀಲಿ ಗುಲಾಬಿಯಾದರೆ ತೇವ ಕುಡಿದಾಗಿದೆ. 110–120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಹೊಸದು. ಬಾಣಲೆಯಲ್ಲಿ ಜೋರು ಉರಿಗೆ ಹುರಿದರೆ ಹರಳು ಒಡೆದು ಪುಡಿಯಾಗುತ್ತೆ, ಆ ಪುಡಿ ಲೆನ್ಸಿನ ಉಂಗುರಕ್ಕೆ ಸೇರಿದರೆ ಕರಕರ. ಚೀಲ ಪೂರ್ತಿ ತಣ್ಣಗಾದ ಮೇಲೆ ಡಬ್ಬಿಗೆ ಹಾಕಿ. ತೇವ ಶೇ. 30ಕ್ಕಿಂತ ಕೆಳಗೂ ಇಳಿಸಬೇಡಿ, ರಬ್ಬರ್ ಬಿರುಸಾಗುತ್ತೆ.

ಅಕ್ಕಿಯಲ್ಲಿ ಹೂತಿಡೋದು ಪ್ರಯೋಜನವಿಲ್ಲ, ದೂಳು ಮಾತ್ರ ಲಾಭ. ಒಲೆ ಮೇಲಿನ ಅಟ್ಟ ಒಣಗಿರುತ್ತೆ ನಿಜ, ಆದರೆ ಹೊಗೆಯ ಎಣ್ಣೆಪಸೆ ಗಾಜಿಗೆ ಕೂರುತ್ತೆ. ಕ್ಯಾಮೆರಾ ಬ್ಯಾಗಿನೊಳಗೆ ಇಟ್ಟು ಬ್ಯಾಗನ್ನೇ ಡಬ್ಬಿಗೆ ಹಾಕಬೇಡಿ. ಬ್ಯಾಗಿನ ಸ್ಪಂಜು ತೇವದ ಗೋದಾಮು.

ಹೊರಗಿನ ಚಳಿಯಿಂದ ಒಲೆ ಉರಿಯುವ ಅಡುಗೆಮನೆಗೆ ಕ್ಯಾಮೆರಾ ತಂದರೆ ಗಾಜಿನ ಮೇಲೆ ನೀರು ಕೂರುತ್ತೆ. ಹೊರಗೇ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ, ಒಳಗೆ ತಂದು ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಡಿಸೆಂಬರ್-ಜನವರಿಯ ಇಬ್ಬನಿಗೂ ಇದೇ ಮಾತು.

ಮಳೆಯಲ್ಲಿ ಗೂಬೆ ತೆಗೆಯಬಹುದಾ? ಜಗಲಿಯಿಂದ, ಖಂಡಿತ. ಸದ್ದಿಲ್ಲದೆ ಹಾರುವುದಕ್ಕಾಗಿ ಕಣಜ ಗೂಬೆಯ ಗರಿ ಮೆತ್ತಗಿದೆ, ಹಾಗಾಗಿ ಬೇಗ ನೆನೆಯುತ್ತೆ. ಜಡಿಮಳೆಯಲ್ಲಿ ಅದು ಬೇಟೆಗೆ ಹೊರಡಲ್ಲ, ಹಸಿದು ಕಾಯುತ್ತೆ. ಎರಡು ದಿನ ಬಿಡದೆ ಸುರಿದು ಸಂಜೆ ಹೊಳವಾದರೆ ಆ ದಿನ ಬೆಳಕಿರುವಾಗಲೇ ಹೊರಬರುವ ಸಂಭವ ಹೆಚ್ಚು. ಅಟ್ಟದ ಕಿಂಡಿಗೆ ಎದುರು, ಎಷ್ಟು ದೂರ ಸಾಧ್ಯವೋ ಅಷ್ಟು ದೂರದ ಕಿಟಕಿಯಿಂದ ನೋಡಿ. ಹಾಲಕ್ಕಿಗಾದರೆ ಮಳೆ ನಿಂತ ಬೆಳಗ್ಗೆ: ಬಯಲು ಕೊಂಬೆಗೆ ಬಂದು ರೆಕ್ಕೆ ಬಿಡಿಸಿ ಬಿಸಿಲು ಕಾಯಿಸುತ್ತೆ. ಸೋನೆಯ ಗೆರೆಗಳು ಚಿತ್ರದಲ್ಲಿ ಬೇಕಿದ್ದರೆ 1/60, ಹಿನ್ನೆಲೆ ಕಪ್ಪಗಿರಲಿ. ಮಂಜು ಕವಿದಾಗ ಆಟೋಫೋಕಸ್ ಹಿಂದೆಮುಂದೆ ಓಡುತ್ತೆ, ಕೈಯಲ್ಲೇ ತಿರುಗಿಸಿ.

ಜೀಪಿನ ಕಿಟಕಿಗೆ ಬೀನ್ ಬ್ಯಾಗ್ ಇಡುವವರು ಅದಕ್ಕೆ ಕಾಳು ತುಂಬಿದ್ದರೆ ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಿ. ಮುಗ್ಗಲು ಬಂದು ಹುಳ ಬೀಳುತ್ತೆ. ಪ್ಲಾಸ್ಟಿಕ್ ಗುಳಿಗೆ ತುಂಬಿಕೊಳ್ಳಿ.

ಗದ್ದೆಬದು ಉತ್ತರ:

ಸಿದ್ದಾಪುರ ಅಂದಿರಿ, ಹಲಸಿನ ಮರ ಅಂದಿರಿ. ಆನೆ ಮಾತು ಯಾರೂ ಎತ್ತಲಿಲ್ಲವಲ್ಲ! ಮೇ ತಿಂಗಳಿಂದ ಹಲಸು ಹಣ್ಣಾಗೋ ಕಾಲಕ್ಕೆ ಆ ಮರದ ಬುಡದಲ್ಲಿ ಮುಸ್ಸಂಜೆ ಕೂರೋದು ಅಂದರೆ ಆನೆ ದಾರಿಯಲ್ಲಿ ಕೂತ ಹಾಗೆ. ಕಾಫಿ ಸಾಲಿನ ನಡುವೆ ಆನೆ ನಿಂತರೆ ಹತ್ತು ಹೆಜ್ಜೆಗೂ ಕಾಣಲ್ಲ. ಎಳೆಗಾಯಿ ಇರುವಾಗಲೇ ಮರದಿಂದ ಇಳಿಸಿಬಿಡಿ. ಬಿದ್ದ ಹಣ್ಣು ಅದೇ ದಿನ ತೆಗೆಸಿ, ವಾಸನೆ ದೂರದಿಂದಲೇ ಕರೆಯುತ್ತೆ. ಆ ತಿಂಗಳುಗಳಲ್ಲಿ ಜಗಲಿ ಬಿಟ್ಟು ಕ್ಯಾಮೆರಾ ಇಳಿಸಲೇಬೇಡಿ. ಬೇರೆ ತಿಂಗಳಲ್ಲೂ ಒಬ್ಬರೇ ಹೋಗಬೇಡಿ, ಊರಿನ ವಾಟ್ಸಾಪ್ ಗುಂಪಿನಲ್ಲಿ ಆನೆ ಸುದ್ದಿ ನೋಡದೆ ಹೊರಡಬೇಡಿ, ಕೂರುವ ಜಾಗದಿಂದ ಮನೆಗೆ ನೇರ ದಾರಿ ತೆರವಾಗಿರಲಿ. ಕಿವಿಗೆ ಇಯರ್‌ಫೋನ್ ಬೇಡ. ಬಿದಿರು ಮುರಿಯೋ ಸದ್ದು, ಹೊಟ್ಟೆಯ ಗುಡುಗುಡು ಕೇಳಿಸಿದರೆ ಟ್ರೈಪಾಡ್ ಅಲ್ಲೇ ಬಿಟ್ಟು ಬನ್ನಿ.

ಲೈನ್ ಮನೆಯವರ ವಿಷಯ. ಬೈದರೆ ಕೆಲಸ ಆಗಲ್ಲ. ಆ ಕಣಜ ಗೂಬೆಯ ಉಂಡೆ ನೆನೆಸಿ ಬಿಡಿಸೋ ಕೆಲಸವನ್ನು ಅವರ ಮಕ್ಕಳೆದುರೇ ಮಾಡಿ. ಒಂದೊಂದು ಉಂಡೆಯಲ್ಲಿ ಎರಡು ಮೂರು ಇಲಿ ಬುರುಡೆ ಹೊರಬಂದರೆ, ತಮ್ಮ ಅಕ್ಕಿ ಚೀಲ ಕಾಯುವವರು ಯಾರು ಅಂತ ಅವರಿಗೇ ಗೊತ್ತಾಗುತ್ತೆ. ಮಲೇಷ್ಯಾದ ತಾಳೆ ಎಣ್ಣೆ ತೋಟಗಳಲ್ಲಿ ಇಲಿ ಕಾಟಕ್ಕೆ ಗೂಡುಪೆಟ್ಟಿಗೆ ಇಟ್ಟು ಕಣಜ ಗೂಬೆಯನ್ನೇ ಸಾಕಿಕೊಂಡಿದ್ದಾರೆ.

ಅದೇ ಗೋದಾಮಿನಲ್ಲಿ ಇಲಿ ಪಾಷಾಣ ಇಡುತ್ತೀರಾದರೆ ನಿಲ್ಲಿಸಿ. ಬ್ರೊಮಾಡಿಯೋಲೋನ್ ತಿಂದ ಇಲಿ ಕೂಡಲೇ ಸಾಯಲ್ಲ, ಮೂರು ನಾಲ್ಕು ದಿನ ತೂರಾಡುತ್ತಾ ಬಯಲಲ್ಲೇ ಓಡಾಡುತ್ತೆ. ಗೂಬೆಗೆ ಅದೇ ಸುಲಭದ ಬೇಟೆ. ವಿಷ ಗೂಬೆಯ ಪಿತ್ತಜನಕಾಂಗದಲ್ಲಿ ಶೇಖರವಾಗಿ, ಒಳಗೇ ರಕ್ತ ಸೋರಿ ಗೂಬೆ ಸಾಯುತ್ತೆ. ಬೋನು ಇಡಿ.

ಫೋಟೋ ಹಾಕುವಾಗ ಜಾಗ ಹೇಳಬೇಡಿ. ತೋಟದ ಹೆಸರು, ಊರ ಹೆಸರು ಬೇಡ. ‘ದಕ್ಷಿಣ ಕೊಡಗು’ ಸಾಕು. ಮೊಬೈಲಿನಲ್ಲಿ ತೆಗೆದದ್ದಾದರೆ ಲೊಕೇಶನ್ ಆಫ್ ಮಾಡಿ, ಚಿತ್ರದ ಫೈಲಿನೊಳಗೇ ಅದು ಕೂತಿರುತ್ತೆ. ಗೂಬೆಗಳನ್ನು ಮಾಟ-ಮಂತ್ರಕ್ಕೆ ಹಿಡಿದು ಮಾರುವ ದಂಧೆ ಇದೆ, ದೀಪಾವಳಿ ಹೊತ್ತಿಗೆ ಜೋರಾಗುತ್ತೆ. 2010ರಲ್ಲಿ ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆಯ ವರದಿ ಇದನ್ನೇ ದಾಖಲಿಸಿತು. ಅಕ್ಟೋಬರ್-ನವೆಂಬರ್‌ನಲ್ಲಿ ತೆಗೆದದ್ದನ್ನು ಎರಡು ತಿಂಗಳು ಬಿಟ್ಟು ಹಾಕಿದರೆ ಏನೂ ನಷ್ಟ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗೂಬೆ ಹಿಡಿಯೋದು ಮಾತ್ರವಲ್ಲ, ಗೂಡು-ಮೊಟ್ಟೆ ಕೆದಕೋದೂ ಬೇಟೆ ಅಂತಲೇ ಲೆಕ್ಕ. ಫೋಟೋಗೆ ಅಡ್ಡ ಬರುತ್ತೆ ಅಂತ ಪೊಟರೆ ಮುಂದಿನ ರೆಂಬೆ ಕಡಿದರೆ ಬಿಸಿಲೂ ಹದ್ದೂ ಎರಡೂ ಒಳಗೆ ಬರುತ್ತವೆ. ನೀವು ಜಾಗ ಬದಲಿಸಿ, ರೆಂಬೆ ಇರಲಿ.

ಕಣದಂಚು:

ಆನೆ ಮಾತು ಮನಸ್ಸಿಗೆ ನಾಟಿತು, ಜಗಲಿಯಿಂದಲೇ ತೆಗೆಯುವ ಹಾಗೆ ವ್ಯವಸ್ಥೆ ಮಾಡ್ತೀನಿ. ಕೊನೆಯದಾಗಿ ಎರಡು. ಮೇನಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಸವರುವ ಕೆಲಸ) ಇದೆ, ಹಲಸಿನ ಪಕ್ಕದ ಮರಗಳನ್ನೂ ಕಸಿ ಮಾಡ್ತಾರೆ. ಗೋದಾಮಿನ ಮಾಡು ಕೂಡ ಈ ವರ್ಷ ಬದಲಾಯಿಸಬೇಕು, ಹಂಚು ತೆಗೆದು ಶೀಟ್ ಹಾಕೋದು. ಗೂಬೆ ಉಳಿಯಬೇಕಾದರೆ ಏನು ಮಾಡಲಿ?

ಹಾಲುವಾಣ:

ಮರಗಸಿಗೆ ಮುಂಚೆ ಒಂದು ಸಂಜೆ ಪೊಟರೆ ನೋಡಿ. ಮರಿಗಳು ಇನ್ನೂ ಒಳಗಿದ್ದು ಉಸ್ಸೆನ್ನುತ್ತಿದ್ದರೆ ಆ ಮರದ ಸುತ್ತಲಿನ ಕೆಲಸ ಕೊನೆಗೆ ಇಟ್ಟುಕೊಳ್ಳಿ, ಮೇ ಕೊನೆಯ ಹೊತ್ತಿಗೆ ಬಹುಪಾಲು ಹೊರಬಂದಿರುತ್ತವೆ. ಪೊಟರೆಯಿಂದ ಹತ್ತು ಹದಿನೈದು ಅಡಿ ಒಳಗೆ ಎಲೆ ತುಂಬಿದ ಒಂದು ಕೊಂಬೆ ಬಿಡಲೇಬೇಕು. ಸರಿಯಾಗಿ ಹಾರಲು ಬಾರದ ಮರಿ ಮೊದಲು ಅಲ್ಲಿಗೇ ನೆಗೆಯುತ್ತೆ. ಕೊಂಬೆ ಇಲ್ಲದಿದ್ದರೆ ನೆಲಕ್ಕೆ ಬೀಳುತ್ತೆ, ನಾಯಿ ಬೆಕ್ಕಿನ ಪಾಲು. ಬಿದ್ದದ್ದು ಸಿಕ್ಕಿ ಗಾಯ ಇಲ್ಲದಿದ್ದರೆ ಮನೆಗೆ ತರಬೇಡಿ, ಹಾಲು-ಅನ್ನ ಉಣಿಸಬೇಡಿ. ಬಟ್ಟೆಯಲ್ಲಿ ಹಿಡಿದು ಕೈಗೆಟುಕುವ ಎತ್ತರದ ಕೊಂಬೆಗೆ ಏರಿಸಿ ದೂರ ಹೋಗಿ. ಮನುಷ್ಯ ಮುಟ್ಟಿದರೆ ತಾಯಿ ಬಿಡುತ್ತೆ ಅನ್ನೋದು ಸುಳ್ಳು. ಕತ್ತಲಾದ ಮೇಲೆ ಬಂದು ಉಣಿಸುತ್ತೆ. ರೆಕ್ಕೆ ಜೋತಿದ್ದರೆ ಅರಣ್ಯ ಇಲಾಖೆಗೆ ಹೇಳಿ.

ಗೋದಾಮಿಗೆ ಪೆಟ್ಟಿಗೆ ಮಾಡಿಸಿ. ತಳ 60×40 ಸೆಂ.ಮೀ., ಕಿಂಡಿ 13–15 ಸೆಂ.ಮೀ. ಚೌಕ. ಮುಖ್ಯವಾದ ಅಳತೆ ಒಂದೇ: ಕಿಂಡಿಯ ಕೆಳಅಂಚಿನಿಂದ ತಳಕ್ಕೆ ಕಡಿಮೆ ಅಂದರೂ 45 ಸೆಂ.ಮೀ. ಆಳ. ಬಡಗಿಗಳು ಕಿಂಡಿಯನ್ನು ತಗ್ಗಿನಲ್ಲಿ ಕೊರೆದುಬಿಡುತ್ತಾರೆ, ಆಗ ಹಾರಲು ಬಾರದ ಮರಿ ಊಟಕ್ಕಾಗಿ ತಳ್ಳಾಡಿ ಹೊರಗೆ ಬೀಳುತ್ತೆ. ಹಳೇ ಹಲಗೆ ಸಾಕು, ಒಳಗೆ ಬಣ್ಣ ಬಳಿಯಬೇಡಿ, ತಳದ ಮೂಲೆಗಳಲ್ಲಿ ನೀರು ಹೋಗಲು ನಾಲ್ಕು ತೂತು. ಗೋಡೆಯ ಒಳಬದಿಗೆ, ನೆಲದಿಂದ ನಾಲ್ಕು ಮೀಟರ್ ಮೇಲೆ ಕೂರಿಸಿ, ಗೋಡೆಯಲ್ಲಿ ಅದಕ್ಕೆ ಎದುರಾಗಿ ಹೊರದಾರಿ ಬಿಡಿ. ಶೀಟಿಗೆ ತಾಗಿಸಬೇಡಿ, ಮಾರ್ಚ್ ಬಿಸಿಲಿಗೆ ಬೆಂದುಹೋಗುತ್ತೆ. ಒಂದೆರಡು ಅಡಿ ಕೆಳಗಿರಲಿ.

ಹಂಚು ತೆಗೆಯುವ ಮುಂಚೆ ಅಟ್ಟದಲ್ಲಿ ಮೊಟ್ಟೆ-ಮರಿ ಇದೆಯಾ ನೋಡಿ. ಇದ್ದರೆ ಕೆಲಸ ಮುಂದಕ್ಕೆ ಹಾಕಬೇಕು, ಮರಿ ಹಾರಲು 50–60 ದಿನ ಬೇಕು. ಇಲ್ಲದಿದ್ದರೆ ಪೆಟ್ಟಿಗೆಯನ್ನು ಮೊದಲೇ ಕೂರಿಸಿ, ಅಟ್ಟದಲ್ಲಿ ಬಿದ್ದಿರುವ ಹಳೇ ಉಂಡೆಗಳ ಪುಡಿಯನ್ನು ಎರಡು ಬೊಗಸೆ ಅದರೊಳಗೆ ಹರಡಿ, ಆಮೇಲೆ ಮಾಡಿಗೆ ಕೈಹಾಕಿ. ಹೊರದಾರಿ ನಿಮ್ಮ ಜಗಲಿಗೆ ಕಾಣುವ ಗೋಡೆಯಲ್ಲೇ ಬರುವಂತೆ ಮೇಸ್ತ್ರಿಗೆ ಈಗಲೇ ಹೇಳಿಡಿ.